ಆರ್ಫನ್ ರಿಸೆಪ್ಟರ್‌ಗೆ ಅಗೊನಿಸ್ಟ್ ಹುಡುಕುವುದು: ಖಾಲಿ ಕೋಶದಿಂದ ಶುರು ಮಾಡಿ

ಸಂಯುಕ್ತ ಹಾಕಿದೆವು, ಕ್ಯಾಲ್ಸಿಯಂ ಏರಿತು, ರಿಸೆಪ್ಟರ್ ಆನ್ ಆಯಿತು ಎಂದು ಬರೆದುಕೊಂಡೆವು. ಹೊಸ ಬ್ಯಾಚ್ ಕೋಶಗಳಲ್ಲಿ ಅದೇ ಸಂಯುಕ್ತ ಏನೂ ಮಾಡಲಿಲ್ಲ. ಏಕೆ? ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ವಿವರ ಕೇಳಿದರೆ ಬಹುತೇಕ ಎಲ್ಲರದ್ದೂ ಒಂದೇ ಕತೆ. ಮೊದಲು ಸಂಯುಕ್ತಗಳ ಲೈಬ್ರರಿ ತರಿಸಿದ್ದಾರೆ, ಆಮೇಲೆ ಸ್ಕ್ರೀನ್ ಓಡಿಸಿದ್ದಾರೆ, ಕಂಟ್ರೋಲ್‌ಗಳ ನೆನಪಾಗಿದ್ದು ಹಿಟ್ (ಸಿಗ್ನಲ್ ಕೊಟ್ಟ ಸಂಯುಕ್ತ) ಬಂದ ಮೇಲೆ. ಕ್ರಮ ಪೂರ್ತಿ ತಲೆಕೆಳಗು.

ಕೋಶದೊಳಗೆ ಸಿಗ್ನಲ್ ಒಯ್ಯುವ ಜಿ ಪ್ರೋಟೀನ್ ಜೊತೆ ಕೆಲಸ ಮಾಡುವ ರಿಸೆಪ್ಟರ್‌ಗಳು ಮನುಷ್ಯರಲ್ಲಿ ಸುಮಾರು 800 ಇವೆ. ಅರ್ಧದಷ್ಟು ವಾಸನೆಗೆ ಸಂಬಂಧಿಸಿದವು. ಉಳಿದವುಗಳಲ್ಲಿ ಸುಮಾರು ನೂರಕ್ಕೆ ಎಲ್ಲರೂ ಒಪ್ಪಿದ ಲೈಗ್ಯಾಂಡ್ (ರಿಸೆಪ್ಟರ್‌ಗೆ ಅಂಟುವ ಅಣು) ಇನ್ನೂ ಇಲ್ಲ. ಈ ಆರ್ಫನ್ ರಿಸೆಪ್ಟರ್‌ಗಳಲ್ಲಿ ಒಂದನ್ನು ರಾಸಾಯನಿಕದಿಂದ (ಹಾಗೆ ಚಾಲೂ ಮಾಡುವುದೇ ಅಗೊನಿಸ್ಟ್) ಚಾಲೂ ಮಾಡಬೇಕು, ಅದನ್ನು ಕೋಶದೊಳಗಿನ ಸಿಗ್ನಲ್ ನೋಡಿ ಗುರುತಿಸಬೇಕು. ಈ ಕೆಲಸದ ಹಂತಗಳನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಕೋಶ ಬೆಳೆಸುವುದು, ಟ್ರಾನ್ಸ್‌ಫೆಕ್ಷನ್ ಮಾಡುವುದು ನಿಮಗೆ ಬರುತ್ತದೆ ಎಂದುಕೊಂಡಿದ್ದೇನೆ.

ಶುರುವಿಗೆ ಮುನ್ನ ಕೈಯಲ್ಲಿ ಇರಬೇಕಾದದ್ದು

ಮೂರು ಪ್ಲಾಸ್ಮಿಡ್ ಬೇಕು. ಒಂದು, ನಿಮ್ಮ ರಿಸೆಪ್ಟರ್‌ನದು. ಅದರ ಹೊರತುದಿಯಲ್ಲಿ ಫ್ಲ್ಯಾಗ್ ಅಥವಾ ಎಚ್‌ಎ ಟ್ಯಾಗ್ ಇರಲಿ. ಎರಡು, ಅದೇ ಪ್ಲಾಸ್ಮಿಡ್, ಆದರೆ ಜೀನ್ ಇಲ್ಲದ್ದು. ಮೂರು, ಲೈಗ್ಯಾಂಡ್ ಚೆನ್ನಾಗಿ ಗೊತ್ತಿರುವ ಬೇರೊಂದು ರಿಸೆಪ್ಟರ್‌ನದು. ಈ ಮೂರನೆಯದನ್ನು ಜನ ಬಿಟ್ಟುಬಿಡುತ್ತಾರೆ. ಆರ್ಫನ್ ರಿಸೆಪ್ಟರ್‌ಗೆ ಪಾಸಿಟಿವ್ ಕಂಟ್ರೋಲ್ ಇಲ್ಲವಲ್ಲ, ಅದಕ್ಕೇ ಇದು ಬೇಕು. ಇಲ್ಲದಿದ್ದರೆ ಸಿಗ್ನಲ್ ಬರದಾಗ ತಪ್ಪು ಸಂಯುಕ್ತದ್ದೋ ನಿಮ್ಮ ಪರೀಕ್ಷೆಯದ್ದೋ ತಿಳಿಯುವುದಿಲ್ಲ.

ರಾಸಾಯನಿಕಗಳಲ್ಲಿ ಫೋರ್ಸ್ಕೋಲಿನ್, ಐಬಿಎಂಎಕ್ಸ್, ಅಯಾನೊಮೈಸಿನ್, ಪರ್ಟುಸಿಸ್ ಟಾಕ್ಸಿನ್, ವೈಎಂ-254890 ಮತ್ತು ಇಡಿಟಿಎ ತರಿಸಿಟ್ಟುಕೊಳ್ಳಿ. ಸಂಯುಕ್ತ ಹಾಕುತ್ತಿರುವಾಗಲೇ ಓದಬಲ್ಲ ಪ್ಲೇಟ್ ರೀಡರ್ ಇದ್ದರೆ ಕ್ಯಾಲ್ಸಿಯಂ ಅಳೆಯಬಹುದು. ಇಂಜೆಕ್ಟರ್ ಇಲ್ಲದ ರೀಡರ್‌ನಲ್ಲಿ ಅದರ ಆಸೆ ಬಿಡಿ. ಕ್ಯಾಲ್ಸಿಯಂ ಕೆಲವೇ ಸೆಕೆಂಡುಗಳಲ್ಲಿ ತುದಿ ಮುಟ್ಟಿ ಇಳಿಯುತ್ತದೆ. ಪ್ಲೇಟ್ ಒಳಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಮೈಕೋಪ್ಲಾಸ್ಮಾ ಪರೀಕ್ಷೆ ಆಗದ ಕೋಶಗಳನ್ನು ಮುಟ್ಟಬೇಡಿ. ಇನ್ನೊಂದು ಎಚ್ಚರಿಕೆ: ಸಂಯುಕ್ತ ಕರಗಿಸಲು ಬಳಸುವ ಡಿಎಂಎಸ್‌ಒ ತನ್ನಲ್ಲಿ ಕರಗಿದ್ದನ್ನು ಚರ್ಮದ ಮೂಲಕ ಒಳಗೆ ಒಯ್ಯಬಲ್ಲದು. ನೀವು ಕೈಯಲ್ಲಿ ಹಿಡಿದಿರುವ ಸಂಯುಕ್ತದ ಗುಣ ಯಾರಿಗೂ ಪೂರ್ತಿ ಗೊತ್ತಿಲ್ಲ. ಗ್ಲೌಸ್ ಹಾಕಿಕೊಳ್ಳಿ, ಚೆಲ್ಲಿದ ಕೂಡಲೇ ಬದಲಿಸಿ.

ಹಂತ 1: ರಿಸೆಪ್ಟರ್ ಕೋಶದ ಮೇಲ್ಮೈಗೆ ಬಂದಿದೆಯೇ ನೋಡಿ

ಪ್ಲಾಸ್ಮಿಡ್ ಒಳಗೆ ಹೋಯಿತು ಅಂದರೆ ರಿಸೆಪ್ಟರ್ ಹೊರಗೆ ಬಂತು ಎಂದೇನಲ್ಲ. ಆರ್ಫನ್ ರಿಸೆಪ್ಟರ್‌ಗಳಲ್ಲಿ ಹಲವು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲೇ ಸಿಕ್ಕಿಕೊಳ್ಳುತ್ತವೆ. ಹೊರಗಿನಿಂದ ಹಾಕಿದ ಸಂಯುಕ್ತಕ್ಕೆ ಅವು ಸಿಗುವುದು ಕಷ್ಟ.

ಕೋಶದ ಪೊರೆಗೆ ತೂತು ಮಾಡದೆ, ಟ್ಯಾಗ್‌ಗೆ ಅಂಟುವ ಆ್ಯಂಟಿಬಾಡಿ ಹಾಕಿ ಫ್ಲೋ ಸೈಟೊಮೆಟ್ರಿ ಮಾಡಿ. ಇನ್ನೊಂದು ಪಾಲು ಕೋಶಗಳ ಪೊರೆಗೆ ತೂತು ಮಾಡಿ ಅದೇ ಆ್ಯಂಟಿಬಾಡಿ ಹಾಕಿ. ಮೊದಲನೆಯದು ಮೇಲ್ಮೈಯಲ್ಲಿ ಎಷ್ಟಿದೆ ಎಂದು ಹೇಳುತ್ತದೆ, ಎರಡನೆಯದು ಒಟ್ಟು ಎಷ್ಟಿದೆ ಎಂದು. ಒಟ್ಟು ಜಾಸ್ತಿ ಇದ್ದು ಮೇಲ್ಮೈಯಲ್ಲಿ ಏನೂ ಇಲ್ಲದಿದ್ದರೆ ಮುಂದೆ ಹೋಗಬೇಡಿ. ಟ್ಯಾಗ್‌ಗಿಂತ ಮುಂಚೆ, ಪ್ರೋಟೀನ್ ಅನ್ನು ಪೊರೆಯ ದಾರಿಗೆ ಕಳಿಸುವ ಹೆಮಗ್ಲುಟಿನಿನ್ ಸಿಗ್ನಲ್ ಪೆಪ್ಟೈಡ್ ಸೇರಿಸಿ ನೋಡಿ. ವಾಸನೆಯ ರಿಸೆಪ್ಟರ್ ಆದರೆ ಆರ್‌ಟಿಪಿ1ಎಸ್ ಎಂಬ ಸಹಾಯಕ ಪ್ರೋಟೀನ್ ಜೊತೆಗೆ ಕೊಡಿ.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದಿದೆ. ರಿಸೆಪ್ಟರ್‌ನ ಬಾಲಕ್ಕೆ ಜಿಎಫ್‌ಪಿ ಅಂಟಿಸಿ, ಕೋಶ ಹಸಿರಾಗಿ ಹೊಳೆಯುವುದನ್ನು ನೋಡಿ ಖುಷಿಪಡುವುದು. ಒಳಗೆ ಸಿಕ್ಕಿಕೊಂಡ ರಿಸೆಪ್ಟರ್ ಕೂಡ ಅಷ್ಟೇ ಚೆನ್ನಾಗಿ ಹೊಳೆಯುತ್ತದೆ!

ಡಿಎನ್‌ಎ ಪ್ರಮಾಣವನ್ನೂ ಈ ಹಂತದಲ್ಲೇ ತೀರ್ಮಾನಿಸಿ. ನಾಲ್ಕೈದು ಪ್ರಮಾಣ ಹಾಕಿ ನೋಡಿ. ಜಾಸ್ತಿ ಹಾಕಿದಷ್ಟೂ ಒಳ್ಳೆಯದಲ್ಲ, ಅಲ್ವಾ? ರಿಸೆಪ್ಟರ್ ತುಂಬಿ ತುಳುಕಿದರೆ ಯಾವ ಸಂಯುಕ್ತವೂ ಇಲ್ಲದೆ ಸಿಗ್ನಲ್ ಏರುತ್ತದೆ, ಅಗೊನಿಸ್ಟ್‌ಗೆ ಏರಿಸಲು ಜಾಗವೇ ಉಳಿಯುವುದಿಲ್ಲ. ಡಾಕ್ಸಿಸೈಕ್ಲಿನ್ ಕೊಟ್ಟಾಗ ಮಾತ್ರ ರಿಸೆಪ್ಟರ್ ತಯಾರಿಸುವ ಕೋಶಗಳನ್ನು ಮಾಡಿಕೊಳ್ಳಲು ಆದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಒಂದೇ ಕೋಶ, ರಿಸೆಪ್ಟರ್ ಇದ್ದಾಗ ಮತ್ತು ಇಲ್ಲದಾಗ. ಇದಕ್ಕಿಂತ ಸ್ವಚ್ಛವಾದ ಹೋಲಿಕೆ ಸಿಗುವುದಿಲ್ಲ.

ಹಂತ 2: ಖಾಲಿ ಕೋಶದ ಸ್ವಭಾವ ತಿಳಿದುಕೊಳ್ಳಿ

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದ್ದು ಇಲ್ಲಿ. ಜನ ಕಡಿಮೆ ಸಮಯ ಕೊಡುವುದೂ ಇಲ್ಲೇ.

ಖಾಲಿ ಕೋಶ ಅಂದರೆ ಜೀನ್ ಇಲ್ಲದ ಪ್ಲಾಸ್ಮಿಡ್ ಪಡೆದ ಅದೇ ಕೋಶ. ಅದು ನಿಜಕ್ಕೂ ಖಾಲಿ ಇರುವುದಿಲ್ಲ. ಎಲ್ಲರೂ ಬಳಸುವ ಎಚ್‌ಇಕೆ 293 ಕೋಶವನ್ನೇ ತೆಗೆದುಕೊಳ್ಳಿ. ಅದರಲ್ಲಿ ಎಟಿಪಿಗೆ ಸ್ಪಂದಿಸುವ ಪಿ2ವೈ ರಿಸೆಪ್ಟರ್‌ಗಳಿವೆ. ಎಂ3 ಮಸ್ಕರಿನಿಕ್ ರಿಸೆಪ್ಟರ್ ಇದೆ. ಬೀಟಾ-2 ಅಡ್ರಿನರ್ಜಿಕ್ ರಿಸೆಪ್ಟರ್ ಇದೆ. ಲೈಸೊಫಾಸ್ಫಟಿಡಿಕ್ ಆಮ್ಲಕ್ಕೆ, ಸ್ಫಿಂಗೊಸಿನ್-1-ಫಾಸ್ಫೇಟ್‌ಗೆ, ಥ್ರಾಂಬಿನ್‌ಗೆ ಸ್ಪಂದಿಸುವವೂ ಇವೆ. ನಿಮ್ಮ ಸಂಯುಕ್ತ ಇವುಗಳಲ್ಲಿ ಯಾವುದನ್ನು ತಟ್ಟಿದರೂ ಸಿಗ್ನಲ್ ಏರುತ್ತದೆ. ಪ್ಲೇಟ್ ರೀಡರ್ ಅಂಕಿ ಕೊಡುತ್ತದೆಯೇ ಹೊರತು ಆ ಸಿಗ್ನಲ್ ಯಾರದು ಎಂದು ಹೇಳುವುದಿಲ್ಲ.

ಹಾಗಾಗಿ ಲೈಬ್ರರಿ ತೆರೆಯುವ ಮುನ್ನ ಖಾಲಿ ಕೋಶಕ್ಕೆ ಎಟಿಪಿ (ಪಿ2ವೈಗೆ), ಕಾರ್ಬಕೋಲ್ (ಎಂ3ಗೆ), ಐಸೊಪ್ರೊಟರಿನಾಲ್ (ಬೀಟಾ-2ಗೆ) ಒಂದೊಂದಾಗಿ ಕೊಟ್ಟು ಸ್ಪಂದನ ಬರೆದಿಟ್ಟುಕೊಳ್ಳಿ. ಮೊದಲೆರಡಕ್ಕೆ ಕ್ಯಾಲ್ಸಿಯಂ ಏರಬೇಕು, ಮೂರನೆಯದಕ್ಕೆ ಸೈಕ್ಲಿಕ್ ಎಎಂಪಿ (ಕೋಶದೊಳಗೆ ಸಂದೇಶ ಒಯ್ಯುವ ಚಿಕ್ಕ ಅಣು). ಇದರಿಂದ ಎರಡು ಲಾಭ. ಕೋಶದ ಯಂತ್ರ ಕೆಲಸ ಮಾಡುತ್ತಿದೆ ಎಂದು ಖಾತ್ರಿಯಾಗುತ್ತದೆ. ಮುಂದೆ ಹಿಟ್ ಬಂದಾಗ ಯಾರನ್ನು ಮೊದಲು ಅನುಮಾನಿಸಬೇಕು ಎಂಬ ಪಟ್ಟಿಯೂ ಸಿಗುತ್ತದೆ.

ಸೀರಮ್ ಬಗ್ಗೆ ಹುಷಾರು. ಮಾಧ್ಯಮಕ್ಕೆ ಹಾಕುವ ಸೀರಮ್‌ನಲ್ಲೇ ಲೈಸೊಫಾಸ್ಫಟಿಡಿಕ್ ಆಮ್ಲ, ಸ್ಫಿಂಗೊಸಿನ್-1-ಫಾಸ್ಫೇಟ್ ತುಂಬಿರುತ್ತವೆ. ಅಳತೆಗೆ ಮುನ್ನ ಕೆಲವು ಗಂಟೆ ಕೋಶಗಳನ್ನು ಸೀರಮ್ ಇಲ್ಲದ ಮಾಧ್ಯಮದಲ್ಲಿ ಇಡಿ. ಇಆರ್‌ಕೆ ಎಂಬ ಸಿಗ್ನಲ್ ಕಿಣ್ವದ ಫಾಸ್ಫೊರಿಲೇಷನ್ ನೋಡುವವರಿಗಂತೂ ಇದು ಕಡ್ಡಾಯ. ಕೋಶವನ್ನು ಜೋರಾಗಿ ಪಿಪೆಟ್ ಮಾಡಿದರೂ ಅದು ಎಟಿಪಿ ಹೊರಬಿಡುತ್ತದೆ. ಬಫರ್ ಮಾತ್ರ ಹಾಕಿದ ವೆಲ್‌ನಲ್ಲೂ ಕ್ಯಾಲ್ಸಿಯಂ ಕುಣಿಯುತ್ತಿದೆ ಎಂದಾದರೆ ದೂರು ರಿಸೆಪ್ಟರ್ ಮೇಲೆ ಹಾಕಬೇಡಿ, ಪಿಪೆಟ್‌ನ ವೇಗ ತಗ್ಗಿಸಿ.

ಖಾಲಿ ಕೋಶಗಳನ್ನು ಬೇರೆ ದಿನ, ಬೇರೆ ಪ್ಲೇಟ್‌ನಲ್ಲಿ ಅಳೆಯುವುದು ಕೂಡ ತಪ್ಪು. ಅದೇ ದಿನ, ಅದೇ ಪ್ಯಾಸೇಜ್, ಆದಷ್ಟೂ ಅದೇ ಪ್ಲೇಟ್.

ಹಂತ 3: ಯಾವ ಸಂಕೇತ ಮಾರ್ಗ ನೋಡಬೇಕು ಎಂದು ತೀರ್ಮಾನಿಸಿ

ರಿಸೆಪ್ಟರ್ ಅಪರಿಚಿತ. ಅದು ಯಾವ ಜಿ ಪ್ರೋಟೀನ್ ಹಿಡಿಯುತ್ತದೆ ಎಂಬುದೂ ಹೆಚ್ಚಿನ ಸಲ ಅಪರಿಚಿತ. ಒಂದೇ ಮಾರ್ಗ ನೋಡಿ "ಏನೂ ಆಗಲಿಲ್ಲ" ಎಂದು ಬರೆಯುವವರು ಬಹಳ. ಕನಿಷ್ಠ ಎರಡು ಮಾರ್ಗ ನೋಡಿ.

*ಜಿಎಸ್ ಮಾರ್ಗ.* ಅಡಿನೈಲಿಲ್ ಸೈಕ್ಲೇಸ್ ಚುರುಕಾಗಿ ಸೈಕ್ಲಿಕ್ ಎಎಂಪಿ ಏರುತ್ತದೆ. ಅಳತೆ ಸುಲಭ. ಐಬಿಎಂಎಕ್ಸ್ ಅನ್ನು 0.5 ಮಿಲಿಮೋಲಾರ್‌ನಷ್ಟು ಹಾಕಿ, ಸೈಕ್ಲಿಕ್ ಎಎಂಪಿ ಒಡೆಯುವ ಫಾಸ್ಫೊಡೈಎಸ್ಟರೇಸ್ ಕಿಣ್ವಗಳನ್ನು ತಡೆಯಿರಿ. ಇಲ್ಲದಿದ್ದರೆ ತಯಾರಾದದ್ದು ಅಲ್ಲೇ ಕರಗಿಹೋಗುತ್ತದೆ. ಇದಕ್ಕೆ ಇನ್ನೊಂದು ಉಪಯೋಗವಿದೆ. ಲೈಬ್ರರಿಯಲ್ಲಿ ಫಾಸ್ಫೊಡೈಎಸ್ಟರೇಸ್ ತಡೆಯುವ ಸಂಯುಕ್ತಗಳು ಇದ್ದೇ ಇರುತ್ತವೆ. ಐಬಿಎಂಎಕ್ಸ್ ಇಲ್ಲದ ಪರೀಕ್ಷೆಯಲ್ಲಿ ಅವು ಅಗೊನಿಸ್ಟ್ ವೇಷ ಹಾಕಿ ಬರುತ್ತವೆ.

*ಜಿಐ ಮಾರ್ಗ.* ಹೆಚ್ಚು ಜನ ಸೋಲುವುದು ಇಲ್ಲಿ. ಜಿಐ ಸೈಕ್ಲಿಕ್ ಎಎಂಪಿಯನ್ನು ಇಳಿಸುತ್ತದೆ. ಆದರೆ ವಿಶ್ರಾಂತಿಯಲ್ಲಿರುವ ಕೋಶದಲ್ಲಿ ಅದು ಆಗಲೇ ತಳದಲ್ಲಿರುತ್ತದೆ, ಇನ್ನೆಲ್ಲಿಗೆ ಇಳಿಯಬೇಕು? ಮೊದಲು ಫೋರ್ಸ್ಕೋಲಿನ್ ಹಾಕಿ ಏರಿಸಬೇಕು, ಆಮೇಲೆ ಇಳಿತ ನೋಡಬೇಕು. ಎಷ್ಟು ಫೋರ್ಸ್ಕೋಲಿನ್? ಪುಸ್ತಕದ ಅಂಕಿ ನಂಬಬೇಡಿ. ನಿಮ್ಮದೇ ಕೋಶಗಳಲ್ಲಿ ಫೋರ್ಸ್ಕೋಲಿನ್ ಡೋಸ್ ಕರ್ವ್ ಮಾಡಿ, ಗರಿಷ್ಠ ಸ್ಪಂದನದ ಶೇ 70ರಿಂದ 80ರಷ್ಟು ಕೊಡುವ ಸಾಂದ್ರತೆ ಆರಿಸಿ. ಪೂರ್ತಿ ಗರಿಷ್ಠಕ್ಕೆ ಒಯ್ದರೆ ಜಿಐಗೆ ಅದನ್ನು ಇಳಿಸುವ ಶಕ್ತಿ ಸಾಲುವುದಿಲ್ಲ. ಕೋಶ ಸತ್ತರೂ ಸೈಕ್ಲಿಕ್ ಎಎಂಪಿ ಇಳಿಯುತ್ತದೆ ಎಂಬುದನ್ನು ನೆನಪಿಡಿ. ವಿಷಕಾರಿ ಸಂಯುಕ್ತ ಜಿಐ ಅಗೊನಿಸ್ಟ್‌ನಂತೆ ಕಾಣುವುದು ಹೀಗೆ.

*ಜಿಕ್ಯೂ ಮಾರ್ಗ.* ಫಾಸ್ಫೊಲೈಪೇಸ್ ಸಿ ಚುರುಕಾಗಿ ಐಪಿ3 ತಯಾರಾಗುತ್ತದೆ. ಅದು ಕೋಶದೊಳಗಿನ ದಾಸ್ತಾನಿನಿಂದ ಕ್ಯಾಲ್ಸಿಯಂ ಬಿಡಿಸುತ್ತದೆ. ಫ್ಲುವೊ-4 ಬಣ್ಣ ತುಂಬಿಸಿ ನೋಡಬಹುದು. ಬಣ್ಣವನ್ನು ಕೋಶ ಹೊರಗೆ ತಳ್ಳದಂತೆ 2.5 ಮಿಲಿಮೋಲಾರ್ ಪ್ರೊಬೆನೆಸಿಡ್ ಹಾಕಿ. ಸಂಯುಕ್ತ ಹಾಕುವ ಮುನ್ನ 10ರಿಂದ 20 ಸೆಕೆಂಡ್ ತಳಮಟ್ಟ ಓದಿ, ಹಾಕಿದ ಮೇಲೆ ಎರಡು-ಮೂರು ನಿಮಿಷ ಓದುತ್ತಿರಿ. ಕೊನೆಗೆ ಅಯಾನೊಮೈಸಿನ್ ಹಾಕಿ ಬಣ್ಣದ ಗರಿಷ್ಠ ನೋಡಿ. ಇಂಜೆಕ್ಟರ್ ಇಲ್ಲದವರು ಐಪಿ3 ಒಡೆದು ಬರುವ ಐಪಿ1 ಅಳೆಯಲಿ. ಲಿಥಿಯಂ ಕ್ಲೋರೈಡ್ ಇದ್ದರೆ ಐಪಿ1 ಒಡೆಯದೆ ಶೇಖರವಾಗುತ್ತದೆ, ನಿಧಾನವಾಗಿ ಓದಬಹುದು. ನನ್ನ ಮಟ್ಟಿಗೆ ಹೊಸಬರಿಗೆ ಕ್ಯಾಲ್ಸಿಯಂಗಿಂತ ಐಪಿ1 ವಾಸಿ. ಗದ್ದಲ ಕಡಿಮೆ.

*ಜಿ12/13 ಮಾರ್ಗ.* ರೋಎ ಎಂಬ ಸಿಗ್ನಲ್ ಪ್ರೋಟೀನ್ ಮೂಲಕ ಹೋಗುತ್ತದೆ. ಇದನ್ನು ಎಸ್‌ಆರ್‌ಎಫ್ ಎಂಬ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಚಾಲೂ ಮಾಡುವ ರಿಪೋರ್ಟರ್ ಜೀನ್‌ನಿಂದ ನೋಡುತ್ತಾರೆ. ಸೀರಮ್‌ನ ಕಾಟ ಇಲ್ಲಿ ಎಲ್ಲಕ್ಕಿಂತ ಜಾಸ್ತಿ.

*ಬೀಟಾ-ಅರೆಸ್ಟಿನ್.* ಚಾಲೂ ಆದ ರಿಸೆಪ್ಟರ್‌ನ ಬಾಲಕ್ಕೆ ಬಂದು ಅಂಟುವ ಪ್ರೋಟೀನ್ ಇದು. ಜಿ ಪ್ರೋಟೀನ್ ಯಾವುದೆಂದೇ ಗೊತ್ತಿಲ್ಲದಾಗ ಇಲ್ಲಿಂದ ಶುರು ಮಾಡುವುದು ಜಾಣತನ. 2015ರಲ್ಲಿ ಪ್ರಕಟವಾದ ಪ್ರೆಸ್ಟೊ-ಟ್ಯಾಂಗೊ ವಿಧಾನದಲ್ಲಿ ರಿಸೆಪ್ಟರ್‌ನ ಬಾಲಕ್ಕೆ ಒಂದು ಕತ್ತರಿಸುವ ತಾಣವನ್ನೂ ಒಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಅನ್ನೂ ಅಂಟಿಸಿರುತ್ತಾರೆ. ಅರೆಸ್ಟಿನ್ ಜೊತೆ ಟಿಇವಿ ಪ್ರೋಟಿಯೇಸ್ ಇರುತ್ತದೆ. ರಿಸೆಪ್ಟರ್ ಚಾಲೂ ಆದರೆ ಅರೆಸ್ಟಿನ್ ಹತ್ತಿರ ಬರುತ್ತದೆ, ಪ್ರೋಟಿಯೇಸ್ ಬಾಲ ಕತ್ತರಿಸುತ್ತದೆ. ಬಿಡುಗಡೆಯಾದ ತುಣುಕು ನ್ಯೂಕ್ಲಿಯಸ್‌ಗೆ ಹೋಗಿ, ಬೆಳಕು ಕೊಡುವ ಕಿಣ್ವ ಲುಸಿಫರೇಸ್ ತಯಾರಾಗುವಂತೆ ಮಾಡುತ್ತದೆ. ದೊಡ್ಡ ಅನುಕೂಲ ಏನೆಂದರೆ ಕೋಶದಲ್ಲಿ ಮೊದಲೇ ಇರುವ ರಿಸೆಪ್ಟರ್‌ಗಳಿಗೆ ಈ ಬಾಲ ಇರುವುದಿಲ್ಲ, ಹಾಗಾಗಿ ಅವು ನೇರವಾಗಿ ಸಿಗ್ನಲ್ ಕೊಡಲಾರವು. ಅನಾನುಕೂಲ: ರಾತ್ರಿಯಿಡೀ ಕಾಯಬೇಕು, ಅಷ್ಟು ಹೊತ್ತಿನಲ್ಲಿ ಸಂಯುಕ್ತ ಕೋಶಕ್ಕೆ ಇನ್ನೇನೇನೋ ಮಾಡಿರುತ್ತದೆ. ಅರೆಸ್ಟಿನ್ ಕರೆಯದ ರಿಸೆಪ್ಟರ್‌ಗಳೂ ಇವೆ.

ಇಆರ್‌ಕೆ ಫಾಸ್ಫೊರಿಲೇಷನ್ ಒಂದನ್ನೇ ನೆಚ್ಚಿ ರಿಸೆಪ್ಟರ್ ಚಾಲೂ ಆಯಿತು ಎನ್ನಬೇಡಿ. ಹತ್ತಾರು ದಾರಿಗಳು ಅಲ್ಲಿಗೇ ಬಂದು ಸೇರುತ್ತವೆ. ಬೆಂಬಲದ ಸಾಕ್ಷಿಯಾಗಿ ಸರಿ, ಮುಖ್ಯ ಸಾಕ್ಷಿಯಾಗಿ ಸಲ್ಲದು.

ಇನ್ನೊಂದು ಮಾತು. ಜಿಪಿಆರ್3, ಜಿಪಿಆರ್6, ಜಿಪಿಆರ್12 ಥರದ ರಿಸೆಪ್ಟರ್‌ಗಳು ಯಾರೂ ತಟ್ಟದೆ ತಾವೇ ಸೈಕ್ಲಿಕ್ ಎಎಂಪಿ ಏರಿಸಿಕೊಂಡು ಕೂತಿರುತ್ತವೆ. ಸಂಯುಕ್ತ ಇಲ್ಲದಾಗಲೂ ನಿಮ್ಮ ರಿಸೆಪ್ಟರ್ ಇರುವ ಕೋಶದ ತಳಮಟ್ಟ ಖಾಲಿ ಕೋಶಕ್ಕಿಂತ ಬಹಳ ಮೇಲಿದೆಯೇ? ಹಾಗಿದ್ದರೆ ಡಿಎನ್‌ಎ ಕಡಿಮೆ ಮಾಡಿ. ಆ ತಳಮಟ್ಟವೇ ನಿಮಗೆ ಸಿಕ್ಕ ಸುಳಿವು ಕೂಡ: ಯಾವ ಜಿ ಪ್ರೋಟೀನ್ ಎಂದು ಅದು ಪುಕ್ಕಟೆಯಾಗಿ ಹೇಳಿಬಿಟ್ಟಿದೆ.

ಹಂತ 4: ಪರೀಕ್ಷೆಯನ್ನೇ ಮೊದಲು ಪರೀಕ್ಷಿಸಿ

ಲೈಗ್ಯಾಂಡ್ ಗೊತ್ತಿರುವ ಆ ಮೂರನೇ ಪ್ಲಾಸ್ಮಿಡ್ ಈಗ ಕೆಲಸಕ್ಕೆ ಬರುತ್ತದೆ. ಅರ್ಧ ಪ್ಲೇಟ್‌ಗೆ ಅದರ ಲೈಗ್ಯಾಂಡ್, ಇನ್ನರ್ಧಕ್ಕೆ ಬರೀ ಡಿಎಂಎಸ್‌ಒ ಹಾಕಿ ಓದಿ. ಎರಡೂ ಗುಂಪಿನ ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆಯಿರಿ. ಎರಡು ಡೀವಿಯೇಷನ್‌ಗಳನ್ನು ಕೂಡಿಸಿ 3ರಿಂದ ಗುಣಿಸಿ. ಅದನ್ನು ಎರಡು ಸರಾಸರಿಗಳ ವ್ಯತ್ಯಾಸದಿಂದ ಭಾಗಿಸಿ, 1ರಿಂದ ಕಳೆಯಿರಿ. ಇದೇ ಝಡ್ ಪ್ರೈಮ್. 0.5ಕ್ಕಿಂತ ಮೇಲಿದ್ದರೆ ಮುಂದುವರಿಯಿರಿ. 0ಕ್ಕಿಂತ ಕೆಳಗೆ ಬಂದರೆ ಎರಡು ಗುಂಪುಗಳು ಒಂದರ ಮೇಲೊಂದು ಬಿದ್ದಿವೆ ಎಂದರ್ಥ, ಆ ಸ್ಥಿತಿಯಲ್ಲಿ ಸ್ಕ್ರೀನ್ ಮಾಡುವುದು ಲಾಟರಿ.

ಅಂಕಿ ಕೆಟ್ಟದಾಗಿ ಬಂದರೆ ಸಾಮಾನ್ಯ ಕಾರಣಗಳು ಇವು. ಎಚ್‌ಇಕೆ ಕೋಶಗಳು ಪ್ಲೇಟ್‌ನಿಂದ ಎದ್ದುಹೋಗಿವೆ: ಪಾಲಿ-ಡಿ-ಲೈಸಿನ್ ಹಚ್ಚಿದ ಪ್ಲೇಟ್ ಬಳಸಿ. ಕೋಶಗಳು ವೆಲ್‌ನ ಅಂಚಿಗೆ ಗುಂಪಾಗಿವೆ: ಪ್ಲೇಟ್‌ಗೆ ಹಾಕಿದ ಮೇಲೆ ಅರ್ಧ ಗಂಟೆ ಕೋಣೆಯ ಉಷ್ಣತೆಯಲ್ಲಿ ಬಿಟ್ಟು ಆಮೇಲೆ ಇನ್‌ಕ್ಯುಬೇಟರ್‌ಗೆ ಇಡಿ. ಪ್ಲೇಟ್‌ನ ಹೊರ ಸಾಲುಗಳು ಬೇರೆಯೇ ಅಂಕಿ ಕೊಡುತ್ತಿವೆ: ಅಲ್ಲಿ ನೀರು ಆವಿಯಾಗುತ್ತಿದೆ, ಆ ಸಾಲುಗಳಿಗೆ ಬರೀ ಬಫರ್ ತುಂಬಿ.

ಡಿಎಂಎಸ್‌ಒ ಪ್ರಮಾಣ ಎಲ್ಲ ವೆಲ್‌ಗಳಲ್ಲೂ ಒಂದೇ ಇರಲೇಬೇಕು. 0.1 ಶೇಕಡಾ ಒಳ್ಳೆಯದು, 0.5 ದಾಟಬೇಡಿ. ಡೋಸ್ ಕರ್ವ್ ಮಾಡುವಾಗ ಸ್ಟಾಕ್ ಅನ್ನು ನೇರ ಬಫರ್‌ನಲ್ಲಿ ದುರ್ಬಲಗೊಳಿಸುತ್ತಾ ಹೋದರೆ ಡಿಎಂಎಸ್‌ಒ ಕೂಡ ಜೊತೆಗೇ ಇಳಿಯುತ್ತದೆ. ಆಗ ನೀವು ನೋಡುತ್ತಿರುವುದು ಡಿಎಂಎಸ್‌ಒ ಕರ್ವ್ ಆಗಿರಬಹುದು. ಸರಣಿಯನ್ನು ಡಿಎಂಎಸ್‌ಒನಲ್ಲೇ ಮಾಡಿ, ಕೊನೆಯಲ್ಲಿ ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಬಫರ್‌ಗೆ ಹಾಕಿ.

ಹಂತ 5: ಮೊದಲ ಸುತ್ತು

ಈಗ ಲೈಬ್ರರಿ ತೆರೆಯಿರಿ. 10 ಮಿಲಿಮೋಲಾರ್ ಸ್ಟಾಕ್ ಅನ್ನು ಸಾವಿರ ಪಟ್ಟು ದುರ್ಬಲಗೊಳಿಸಿದರೆ 10 ಮೈಕ್ರೋಮೋಲಾರ್, ಡಿಎಂಎಸ್‌ಒ 0.1 ಶೇಕಡಾ. ಪ್ರತಿ ಸಂಯುಕ್ತವನ್ನೂ ರಿಸೆಪ್ಟರ್ ಇರುವ ಕೋಶಕ್ಕೂ ಖಾಲಿ ಕೋಶಕ್ಕೂ ಹಾಕಿ. ಖರ್ಚು ದುಪ್ಪಟ್ಟು ಎಂದು ಖಾಲಿ ಕೋಶ ಬಿಡುತ್ತಾರೆ. ಆಮೇಲೆ ಸುಳ್ಳು ಹಿಟ್‌ಗಳ ಹಿಂದೆ ಅಲೆದು ಅದರ ಹತ್ತರಷ್ಟು ಖರ್ಚು ಮಾಡುತ್ತಾರೆ. ಲೈಬ್ರರಿ ತೀರ ದೊಡ್ಡದಾದರೆ ಮೊದಲ ಸುತ್ತಿನ ಹಿಟ್‌ಗಳನ್ನಾದರೂ ತಕ್ಷಣ ಖಾಲಿ ಕೋಶದಲ್ಲಿ ನೋಡಿ, ಬೇರೆ ಯಾವ ಕೆಲಸಕ್ಕೂ ಮುನ್ನ.

ಸ್ಟಾಕ್ ಪ್ಲೇಟ್‌ಗಳನ್ನು ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಬೇಡಿ. ಡಿಎಂಎಸ್‌ಒ ಗಾಳಿಯ ತೇವ ಹೀರುತ್ತದೆ, ಸಂಯುಕ್ತ ತಳಕ್ಕೆ ಬೀಳುತ್ತದೆ. ಆಮೇಲೆ ಲೇಬಲ್ ಮೇಲಿನ ಸಾಂದ್ರತೆಗೂ ಒಳಗಿರುವುದಕ್ಕೂ ಸಂಬಂಧವೇ ಇರುವುದಿಲ್ಲ.

ಹಂತ 6: ಡೋಸ್ ಕರ್ವ್ ಓದುವುದು

ಖಾಲಿ ಕೋಶದಲ್ಲಿ ಸುಮ್ಮನಿದ್ದು ರಿಸೆಪ್ಟರ್ ಇರುವ ಕೋಶದಲ್ಲಿ ಮಾತ್ರ ಸ್ಪಂದಿಸಿದ ಸಂಯುಕ್ತಗಳನ್ನು ಆರಿಸಿ. 30 ಮೈಕ್ರೋಮೋಲಾರ್‌ನಿಂದ ಕೆಳಗೆ ಸುಮಾರು ಮೂರು ಪಟ್ಟಿನ ಹೆಜ್ಜೆಯಲ್ಲಿ ಹತ್ತು ಸಾಂದ್ರತೆಗಳು ಸಾಕು. ಬೇರೆ ಬೇರೆ ದಿನ ಮೂರು ಸಲ ಮಾಡಿ. ಒಂದೇ ದಿನ ಮೂರು ವೆಲ್ ಹಾಕಿದರೆ ಅದು ಮೂರು ಪ್ರಯೋಗ ಆಗುವುದಿಲ್ಲ.

ಸುಮ್ನೆ ಇಸಿ50 (ಗರಿಷ್ಠದ ಅರ್ಧ ಸ್ಪಂದನ ಕೊಡುವ ಸಾಂದ್ರತೆ) ಒಂದನ್ನೇ ಬರೆದು ಮುಂದೆ ಓಡಬೇಡಿ. ಕರ್ವ್‌ನ ಆಕಾರ ನೋಡಿ. ಮೇಲೆ ಹೋಗಿ ಸಮತಟ್ಟಾಗಿದೆಯೇ? ಸಮತಟ್ಟಾಗದ ಕರ್ವ್‌ನ ಇಸಿ50ಗೆ ಅರ್ಥವಿಲ್ಲ. ಕರ್ವ್ ಎಷ್ಟು ಕಡಿದಾಗಿದೆ ಎಂದು ಹೇಳುವ ಹಿಲ್ ಸ್ಲೋಪ್ 1ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. 2 ದಾಟಿ ಗೋಡೆಯಂತೆ ನಿಂತಿದ್ದರೆ ಸಂಯುಕ್ತ ಒಂದಕ್ಕೊಂದು ಅಂಟಿ ಕಣಗಳಾಗುತ್ತಿದೆ ಎಂಬ ಅನುಮಾನ ಬರಬೇಕು. ಏರಿ ಮತ್ತೆ ಬಿದ್ದು ಗಂಟೆಯಾಕಾರ ಬಂದರೆ ಮೇಲಿನ ಸಾಂದ್ರತೆಯಲ್ಲಿ ಕೋಶ ಸಾಯುತ್ತಿರಬಹುದು. ಎಟಿಪಿ ಮಟ್ಟ ಅಳೆದು ಜೀವಂತ ಕೋಶ ಎಷ್ಟಿವೆ ಎಂದು ನೋಡಿ.

ಹಂತ 7: ಸುಳ್ಳು ಹಿಟ್‌ಗಳನ್ನು ಹೊರಹಾಕಿ

ಖಾಲಿ ಕೋಶ ದಾಟಿ ಬಂದ ಹಿಟ್ ಕೂಡ ಸುಳ್ಳಿರಬಹುದು. ಇಲ್ಲಿ ಅವಸರ ಬೇಡ.

ಮೊದಲನೆಯದು ಲುಸಿಫರೇಸ್‌ನ ಮೋಸ. ಲುಸಿಫರೇಸ್ ತಡೆಯುವ ಸಂಯುಕ್ತ ಬೆಳಕು ಇಳಿಸಬೇಕು ಎಂದು ಅನಿಸುತ್ತದೆ. ಕೋಶದೊಳಗೆ ಹಲವು ಸಲ ಉಲ್ಟಾ ಆಗುತ್ತದೆ. ಸಂಯುಕ್ತ ಕಿಣ್ವಕ್ಕೆ ಅಂಟಿಕೊಂಡು ಅದು ಒಡೆದುಹೋಗದಂತೆ ಕಾಯುತ್ತದೆ. ರಾತ್ರಿಯಿಡೀ ಕಿಣ್ವ ಜಮೆಯಾಗುತ್ತದೆ. ಓದುವಾಗ ಹಾಕುವ ಸಬ್‌ಸ್ಟ್ರೇಟ್ ಸಂಯುಕ್ತವನ್ನು ಅತ್ತ ಸರಿಸಿದ ಕೂಡಲೇ ಬೆಳಕು ಭರ್ಜರಿಯಾಗಿ ಏರುತ್ತದೆ. ಹಾಗಾಗಿ ಮಿಂಚುಹುಳದ ಲುಸಿಫರೇಸ್‌ನಲ್ಲಿ ಸಿಕ್ಕ ಹಿಟ್ ಅನ್ನು ನ್ಯಾನೋಲಕ್ ಎಂಬ ಬೇರೆ ಲುಸಿಫರೇಸ್‌ನಲ್ಲೋ, ಇನ್ನೂ ಒಳ್ಳೆಯದೆಂದರೆ ಲುಸಿಫರೇಸ್ ಬಳಸದ ಪರೀಕ್ಷೆಯಲ್ಲೋ ಮತ್ತೆ ನೋಡಿ. ಫ್ಲುವೊ-4 ಬಳಸಿದವರು ಸಂಯುಕ್ತವೇ ಹೊಳೆಯುತ್ತದೆಯೇ ನೋಡಬೇಕು. ಸಂಯುಕ್ತ ಬಿದ್ದ ಕ್ಷಣವೇ ಮೆಟ್ಟಿಲಿನಂತೆ ಏರಿ ಅಲ್ಲೇ ನಿಂತರೆ ಅದು ಬಣ್ಣದ ಹೊಳಪು, ಕೋಶದ ಕ್ಯಾಲ್ಸಿಯಂ ಅಲ್ಲ.

ಎರಡನೆಯದು ಲೋಹ. ಸಂಯುಕ್ತ ತಯಾರಿಕೆಯಲ್ಲಿ ಬಳಸಿದ ಸತು ಅಲ್ಪಸ್ವಲ್ಪ ಉಳಿದರೂ ಸಾಕು, ಹಿಟ್ ಹುಟ್ಟುತ್ತದೆ. ಜಿಪಿಆರ್39 ಇದಕ್ಕೆ ಒಳ್ಳೆಯ ಪಾಠ. 2005ರಲ್ಲಿ ಒಬೆಸ್ಟಾಟಿನ್ ಎಂಬ ಪೆಪ್ಟೈಡ್ ಅದರ ಲೈಗ್ಯಾಂಡ್ ಎಂದು ವರದಿಯಾಯಿತು. ಬೇರೆ ಗುಂಪುಗಳಿಗೆ ಅದನ್ನು ಮತ್ತೆ ತೋರಿಸಲು ಆಗಲಿಲ್ಲ. ಸತುವಿನ ಅಯಾನ್ ಆ ರಿಸೆಪ್ಟರ್ ಅನ್ನು ಚಾಲೂ ಮಾಡುತ್ತದೆ ಎಂಬುದು ಮಾತ್ರ ಗಟ್ಟಿಯಾಗಿ ನಿಂತಿತು. ನಿಮ್ಮ ಹಿಟ್ ಅನ್ನು ಇಡಿಟಿಎ ಇರುವಾಗ ಮತ್ತು ಇಲ್ಲದಾಗ ಹೋಲಿಸಿ. ಬರೀ ಇಡಿಟಿಎ ಬಫರ್‌ನ ಕ್ಯಾಲ್ಸಿಯಂ ಅನ್ನೂ ಕಟ್ಟಿಹಾಕುತ್ತದೆ, ಆದ್ದರಿಂದ ಕ್ಯಾಲ್ಸಿಯಂ ತುಂಬಿದ ಇಡಿಟಿಎ ಬಳಸಿ.

ಮೂರನೆಯದು ಆಮ್ಲತೆ. ಜಿಪಿಆರ್4, ಜಿಪಿಆರ್65, ಜಿಪಿಆರ್68 ಪ್ರೋಟಾನ್‌ಗೇ ಸ್ಪಂದಿಸುತ್ತವೆ. ಆಮ್ಲೀಯ ಸಂಯುಕ್ತ ಬಫರ್‌ನ ಪಿಎಚ್ ಇಳಿಸಿದರೆ ಸಾಕು. ಇಂಥ ರಿಸೆಪ್ಟರ್ ಇಟ್ಟುಕೊಂಡವರು ಸಂಯುಕ್ತ ಹಾಕಿದ ಮೇಲಿನ ಪಿಎಚ್ ಅಳೆಯಲೇಬೇಕು.

ನಾಲ್ಕನೆಯದು ಲವಣ. ಔಷಧಗಳು ಎಷ್ಟೋ ಸಲ ಲವಣದ ರೂಪದಲ್ಲಿ ಬರುತ್ತವೆ. ಜೊತೆಗಿರುವ ಆಮ್ಲದ ಭಾಗ ನಿಷ್ಕ್ರಿಯ ಎಂದುಕೊಳ್ಳುತ್ತೇವೆ. ಪಮೋಯಿಕ್ ಆಮ್ಲವನ್ನು ಹಾಗೆಯೇ ಅಂದುಕೊಂಡಿದ್ದರು. ಅದು ಮನುಷ್ಯರ ಜಿಪಿಆರ್35ನ ಜೋರಾದ ಅಗೊನಿಸ್ಟ್! ಹಿಟ್ ಲವಣವಾಗಿದ್ದರೆ ಎರಡೂ ಭಾಗಗಳನ್ನು ಬೇರೆ ಬೇರೆಯಾಗಿ ಪರೀಕ್ಷಿಸಿ.

ಐದನೆಯದು ಅಂಟುಬುರುಕ ಮತ್ತು ಪ್ರತಿಕ್ರಿಯಾಶೀಲ ಸಂಯುಕ್ತಗಳು. ಕ್ವಿನೋನ್, ಕ್ಯಾಟಿಕಾಲ್, ರೋಡನೀನ್ ಗುಂಪು ಇರುವವು ಯಾವ ಪರೀಕ್ಷೆಯಲ್ಲೂ ಹಿಟ್ ಆಗುತ್ತವೆ. ಕೆಲವು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ. ಕ್ಯಾಟಲೇಸ್ ಹಾಕಿದಾಗ ಸಿಗ್ನಲ್ ಮಾಯವಾದರೆ ಕಾರಣ ಅದೇ. ಕಣಗಳಾಗುವ ಅನುಮಾನ ಇದ್ದರೆ ದ್ರಾವಣವನ್ನು ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿಯನ್ನು ಮಾತ್ರ ಕೋಶಕ್ಕೆ ಹಾಕಿ. ಚಟುವಟಿಕೆ ಹೋಯಿತೇ? ಸಂಯುಕ್ತವನ್ನೂ ಬಿಡಿ.

ಇಷ್ಟೆಲ್ಲ ದಾಟಿದ ಸಂಯುಕ್ತವನ್ನು ಬೇರೆ ಪೂರೈಕೆದಾರರಿಂದ ಹೊಸದಾಗಿ ತರಿಸಿ, ಇಲ್ಲವೇ ಹೊಸದಾಗಿ ತಯಾರಿಸಿ. ಎಲ್‌ಸಿ-ಎಂಎಸ್‌ನಲ್ಲಿ (ಬೇರ್ಪಡಿಸಿ ತೂಕದಿಂದ ಅಣು ಗುರುತಿಸುವ ಉಪಕರಣ) ಶುದ್ಧತೆ ಶೇ 95ಕ್ಕಿಂತ ಮೇಲಿರಲಿ. ಹಳೆಯ ಸ್ಟಾಕ್ ಕೆಲಸ ಮಾಡಿ ಹೊಸ ಪುಡಿ ಮಾಡದಿದ್ದರೆ ಕೆಲಸ ಮಾಡಿದ್ದು ಕಲಬೆರಕೆ, ಇಲ್ಲವೇ ಒಡೆದುಹೋದ ತುಣುಕು.

ಹಂತ 8: ಸಿಗ್ನಲ್ ಆ ರಿಸೆಪ್ಟರ್‌ನದೇ ಎಂದು ಸಾಬೀತುಪಡಿಸಿ

ಇಲ್ಲಿಯವರೆಗೆ ಮಾಡಿದ್ದು ಬೇಡದ್ದನ್ನು ಕಳೆಯುವ ಕೆಲಸ. ಈಗ ನೇರ ಸಾಕ್ಷಿ ಬೇಕು.

ಮಾರ್ಗವನ್ನು ಕತ್ತರಿಸಿ ನೋಡಿ. ಜಿಐ ಎಂದು ನಿಮ್ಮ ಅನುಮಾನವೇ? ಪರ್ಟುಸಿಸ್ ಟಾಕ್ಸಿನ್ ಅನ್ನು ಮಿಲಿಲೀಟರ್‌ಗೆ 100 ನ್ಯಾನೋಗ್ರಾಂನಂತೆ ರಾತ್ರಿಯಿಡೀ ಕೊಡಿ. ಸಿಗ್ನಲ್ ಹೋಗಬೇಕು. ಒಂದು ಗಂಟೆ ಕೊಟ್ಟು ಕೆಲಸ ಮಾಡಲಿಲ್ಲ ಎನ್ನುವವರಿದ್ದಾರೆ, ಟಾಕ್ಸಿನ್ ಒಳಗೆ ಹೋಗಿ ಜಿ ಪ್ರೋಟೀನ್ ಬದಲಾಯಿಸಲು ಸಮಯ ಬೇಕು. ಜಿಐ ಕುಟುಂಬದ್ದೇ ಆದ ಜಿಝಡ್ ಮಾತ್ರ ಈ ಟಾಕ್ಸಿನ್‌ಗೆ ಬಗ್ಗುವುದಿಲ್ಲ. ಜಿಕ್ಯೂ ಆದರೆ ಅದನ್ನು ತಡೆಯುವ ವೈಎಂ-254890 ಸಿಗ್ನಲ್ ನಿಲ್ಲಿಸಬೇಕು. ಜಿ ಪ್ರೋಟೀನ್‌ಗಳನ್ನೇ ಕ್ರಿಸ್ಪರ್‌ನಿಂದ (ಜೀನ್ ಕತ್ತರಿಸುವ ತಂತ್ರ) ತೆಗೆದ ಎಚ್‌ಇಕೆ ಕೋಶಗಳೂ ಇವೆ, ಸಿಕ್ಕರೆ ಬಿಡಬೇಡಿ.

ಆಮೇಲೆ ರಿಸೆಪ್ಟರ್ ಅನ್ನೇ ಬದಲಿಸಿ. ಸಂಯುಕ್ತ ಕೂರುವ ಜಾಗ ಇದಿರಬಹುದು ಎಂದು ಮಾಡೆಲ್ ಹೇಳುವ ಒಂದೆರಡು ಅಮೈನೊ ಆಮ್ಲಗಳನ್ನು ಬದಲಿಸಿ ನೋಡಿ. ಸ್ಪಂದನ ಹೋದರೆ ಖುಷಿಪಡುವ ಮುನ್ನ ಹಂತ 1ಕ್ಕೆ ಹೋಗಿ, ಬದಲಾದ ರಿಸೆಪ್ಟರ್ ಮೇಲ್ಮೈಗೆ ಬಂದಿದೆಯೇ ಎಂದು ಅಳೆಯಿರಿ. ಮೇಲೆ ಬಾರದ ರಿಸೆಪ್ಟರ್ ಸ್ಪಂದಿಸದಿದ್ದರೆ ಅದರಲ್ಲಿ ಸುದ್ದಿ ಏನಿದೆ? ಸಂಯುಕ್ತಕ್ಕೆ ಎಡ-ಬಲ ರೂಪಗಳಿದ್ದರೆ ಎರಡನ್ನೂ ಬೇರೆ ಮಾಡಿ ಹಾಕಿ. ಒಂದು ಕೆಲಸ ಮಾಡಿ ಇನ್ನೊಂದು ಮಾಡದಿದ್ದರೆ ಅದು ಬಲವಾದ ಸಾಕ್ಷಿ. ಕೆಲಸ ಮಾಡದ ಆ ರೂಪ ಮುಂದೆ ಎಲ್ಲ ಪ್ರಯೋಗಕ್ಕೂ ಹೇಳಿಮಾಡಿಸಿದ ನೆಗೆಟಿವ್ ಕಂಟ್ರೋಲ್.

ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಬರುವುದು ರಿಸೆಪ್ಟರ್ ಸಹಜವಾಗಿಯೇ ಇರುವ ಕೋಶದಿಂದ. ಅಲ್ಲಿ ಸಂಯುಕ್ತ ಕೆಲಸ ಮಾಡಬೇಕು. ಕ್ರಿಸ್ಪರ್‌ನಿಂದ ಆ ಜೀನ್ ತೆಗೆದರೆ ಕೆಲಸ ನಿಲ್ಲಬೇಕು. ಜೀನ್ ಮರಳಿ ಕೊಟ್ಟರೆ ಮತ್ತೆ ಶುರುವಾಗಬೇಕು. ಮೂರೂ ಬೇಕು. ಸಹಜ ಕೋಶದಲ್ಲಿ ರಿಸೆಪ್ಟರ್ ಕಡಿಮೆ ಇರುವುದರಿಂದ ಸ್ಪಂದನ ಚಿಕ್ಕದಾಗಿರುತ್ತದೆ, ಇಸಿ50 ಕೂಡ ಬಲಕ್ಕೆ ಸರಿಯುತ್ತದೆ. ಅದು ಸೋಲಲ್ಲ.

ಹಂತ 9: ಅಕ್ಕಪಕ್ಕದವರನ್ನೂ, ಬೇರೆ ಜೀವಿಗಳನ್ನೂ ನೋಡಿ

ಸಂಯುಕ್ತವನ್ನು ಹತ್ತಿರದ ಸಂಬಂಧಿ ರಿಸೆಪ್ಟರ್‌ಗಳ ಮೇಲೆ ಹಾಕಿ ನೋಡಿ. ಒಳ್ಳೆಯ ಕೆಮಿಕಲ್ ಪ್ರೋಬ್‌ಗೆ (ಒಂದು ಪ್ರೋಟೀನ್‌ನ ಕೆಲಸ ತಿಳಿಯಲು ನಂಬಬಹುದಾದ ಸಂಯುಕ್ತ) ಸಾಮಾನ್ಯವಾಗಿ ಇಡುವ ಅಳತೆಗೋಲು ಹೀಗಿದೆ: ಶುದ್ಧ ಪ್ರೋಟೀನ್ ಮೇಲೆ 100 ನ್ಯಾನೋಮೋಲಾರ್‌ಗಿಂತ ಕೆಳಗೆ ಕೆಲಸ ಮಾಡಬೇಕು, ಸಂಬಂಧಿಗಳಿಗಿಂತ 30 ಪಟ್ಟಾದರೂ ಆಯ್ಕೆ ತೋರಬೇಕು, ಕೋಶದಲ್ಲಿ 1 ಮೈಕ್ರೋಮೋಲಾರ್ ಹೊತ್ತಿಗೆ ಪರಿಣಾಮ ಕಾಣಬೇಕು. ಮೊದಲ ಹಿಟ್ ಇದನ್ನು ಮುಟ್ಟುವುದು ಅಪರೂಪ. 5 ಮೈಕ್ರೋಮೋಲಾರ್‌ನ ಹಿಟ್ ಅನ್ನು ಆರಂಭದ ಬಿಂದು ಎನ್ನಿ, ಪ್ರೋಬ್ ಎಂದು ಕರೆಯಬೇಡಿ.

ಪ್ರಾಣಿಗಳ ಮೇಲಿನ ಪ್ರಯೋಗದ ಯೋಚನೆ ಇದ್ದರೆ, ಮೊದಲು ಆ ಪ್ರಾಣಿಯ ರಿಸೆಪ್ಟರ್ ಅನ್ನು ಪ್ಲಾಸ್ಮಿಡ್‌ನಲ್ಲಿ ಹಾಕಿ ಡೋಸ್ ಕರ್ವ್ ಮಾಡಿ. ಜಿಪಿಆರ್35ನಲ್ಲಿ ಝಪ್ರಿನಾಸ್ಟ್ ಮನುಷ್ಯರ ರಿಸೆಪ್ಟರ್‌ಗಿಂತ ರ್‍ಯಾಟ್‌ನ ರಿಸೆಪ್ಟರ್ ಮೇಲೆ ಬಹಳ ಕಡಿಮೆ ಸಾಂದ್ರತೆಯಲ್ಲೇ ಕೆಲಸ ಮಾಡುತ್ತದೆ. ಪಮೋಯಿಕ್ ಆಮ್ಲದ್ದು ಉಲ್ಟಾ, ಮನುಷ್ಯರದ್ದರ ಮೇಲೆ ಜೋರು, ರ್‍ಯಾಟ್‌ನದ್ದರ ಮೇಲೆ ದುರ್ಬಲ. ಇದರ ಮೇಲೆ ಝಪ್ರಿನಾಸ್ಟ್ ಮೂಲತಃ ಫಾಸ್ಫೊಡೈಎಸ್ಟರೇಸ್ ತಡೆಯುವ ಸಂಯುಕ್ತ. ಅದನ್ನು ಕೊಟ್ಟಾಗ ಪ್ರಾಣಿಯಲ್ಲಿ ಕಂಡದ್ದೆಲ್ಲ ಜಿಪಿಆರ್35ನದೇ ಎನ್ನಲು ಆ ಜೀನ್ ತೆಗೆದ ಪ್ರಾಣಿಯೂ ಪಕ್ಕದಲ್ಲಿ ಇರಲೇಬೇಕು.